ತಗಡು ಹೊರೋಕೆ ಬರ್ತೀರಾ?

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ಅವತ್ತು ಶಾಲೆಗೆ ರಜೆ. 7.8 ತೀವ್ರತೆಯ ಭೂಕಂಪಕ್ಕೆ ತರಗತಿಗಳು ಕುಸಿದಾಗ ಮಕ್ಕಳು ಒಳಗಿರಲಿಲ್ಲ.

ಹಾಗೆ ಉಳಿದ ಮಕ್ಕಳಿಗೆ ನಾನು ಕೊಟ್ಟಿದ್ದೇನು? ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಸಿಂಧುಪಾಲ್‌ಚೋಕ್‌ಗೆ ಹೋದೆ. ಟಾರ್ಪಾಲಿನ ಕೆಳಗೆ ಇಂಗ್ಲಿಷ್ ಪದ್ಯ ಹೇಳಿಕೊಟ್ಟೆ, ಫೋಟೋ ತೆಗೆಸಿಕೊಂಡೆ. ಮನೆ ಕಳಕೊಂಡ ಅವರ ಮೇಷ್ಟ್ರು ಪಕ್ಕದಲ್ಲೇ ಸುಮ್ಮನೆ ಕೂತಿದ್ರು. ಪಾಠಕ್ಕೆ ಅವರಿದ್ರಲ್ಲ ಸ್ವಾಮಿ! ಮಳೆಗಾಲಕ್ಕೆ ಮುಂಚೆ ಆ ಕುಟುಂಬಗಳಿಗೆ ಬೇಕಿದ್ದಿದ್ದು ಸೂರಿಗೆ ತಗಡು, ಅದನ್ನು ಗುಡ್ಡ ಹತ್ತಿಸೋಕೆ ಹೆಗಲು. ಕಾಠ್ಮಂಡುವಿನ ಕಾಲೇಜು ಹುಡುಗರು ಅದನ್ನೇ ಮಾಡ್ತಿದ್ರು. ಸೋರೋ ಮನೆಯಲ್ಲಿ ಬೆಳೆದ ನನಗೇ ಹೊಳೀಲಿಲ್ಲ.

ಮುಂದಿನ ಸಲ ವಿಮಾನದ ಟಿಕೆಟ್ಟಿನ ದುಡ್ಡನ್ನು ತಗಡಿಗೆ ಕಳಿಸಿ. ಹೋಗಲೇಬೇಕಾ? ಮೊಬೈಲು ಜೇಬಲ್ಲಿರಲಿ, ಅಲ್ಲಿಯವರು ಹೇಳಿದ್ದನ್ನು ಹೊರಿ.