‘ಮುಂದಿನ ವಾರ ನಾಗಿಣಿ ಏನು ಮಾಡ್ತಾಳೆ?’ ಧಾರಾವಾಹಿ ಫಾರ್ವರ್ಡ್‌ಗಳ ಊಹೆ ಎಷ್ಟು ನಿಜ?

“ನಾಳಿನ ಎಪಿಸೋಡ್‌ನ್ಯಾಗ ಅಕೀ ಸೇಡು ತೀರಿಸ್ಕೋತಾಳಂತ ನೋಡ್ರಿ, ಅಕ್ಕಾರ.” ಅಥಣಿ ಕಡೆಯ ಸತ್ತಿಯಂಥ ಊರುಗಳಲ್ಲಿ ರಾತ್ರಿ ಧಾರಾವಾಹಿ ಮುಗಿಯುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಇಂಥ ಮಾತು ಓಡಾಡುತ್ತವೆ. ಕೆಲವು ಊಹೆಗಳು ನಿಜವೂ ಆಗುತ್ತವೆ. ಹಾಗಾದರೆ ಇವರಿಗೆ ಕತೆ ಮೊದಲೇ ಹೇಗೆ ಗೊತ್ತಾಗುತ್ತದೆ?

ಊಹೆ ನಿಜವಾಗುವುದು ಹೇಗೆ?

ಮೊದಲ ಕಾರಣ ರೀಮೇಕ್. ನಮ್ಮ ಅನೇಕ ಧಾರಾವಾಹಿಗಳ ಮೂಲ ಬೇರೆ ಭಾಷೆಯಲ್ಲಿರುತ್ತದೆ. ಜೀ ಕನ್ನಡದ ‘ಯಾರೇ ನೀ ಮೋಹಿನಿ’ ತಮಿಳಿನ ‘ಯಾರಡಿ ನೀ ಮೋಹಿನಿ’ಯ ಕನ್ನಡ ರೂಪ. ಮೂಲವನ್ನು ನೋಡಿದವರು ಮುಂದಿನದನ್ನು ಹೇಳಿದರೆ ಅದು ಊಹೆಯಲ್ಲ, ನೆನಪು. ಎರಡು ಮೂರು ಭಾಷೆಯ ಚಾನೆಲ್ ನೋಡುವ ಗಡಿಭಾಗದ ಮನೆಗಳಿಗೆ ಇದು ಹೊಸತೇನಲ್ಲ.

ಎರಡನೆಯದು ಲೆಕ್ಕ. ಹತ್ತು ಗ್ರೂಪ್‌ಗಳಲ್ಲಿ ಹತ್ತು ಬಗೆಯ ಊಹೆ ಬಂದರೆ ಒಂದಾದರೂ ತಾಗುತ್ತದೆ. ತಾಗಿದ್ದನ್ನು “ನಾ ಅವತ್ತೇ ಹೇಳಿದ್ದೆ” ಎಂದು ಮತ್ತೆ ಕಳಿಸುತ್ತಾರೆ. ತಪ್ಪಿದ ಒಂಬತ್ತನ್ನು ಎಲ್ಲರೂ ಮರೆಯುತ್ತಾರೆ. ಜಾತಕ, ಭವಿಷ್ಯದ ಮಾತುಗಳು ನಿಜ ಅನಿಸುವುದರಲ್ಲೂ ಇದೇ ಮರೆವಿನ ಪಾಲಿದೆ.

ಮೂರನೆಯದು ಪ್ರೋಮೋ. ಕೆಲವೇ ಸೆಕೆಂಡಿನ ಪ್ರೋಮೋ ಮಾಡುವುದೇ ನಮ್ಮಲ್ಲಿ ಕುತೂಹಲ ಹುಟ್ಟಿಸಲು. ಪ್ರೋಮೋದಲ್ಲಿ ಸತ್ತವರು ಎಪಿಸೋಡ್‌ನಲ್ಲಿ ಕನಸಿನಿಂದ ಎದ್ದು ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ.

ದೆವ್ವ, ನಾಗಿಣಿ ಕತೆಗಳಿಗೇ ಊಹೆ ಯಾಕೆ ಜಾಸ್ತಿ?

ಸಾಮಾನ್ಯ ಕತೆಯಲ್ಲಿ ಸತ್ತವರು ಸತ್ತಂತೆ. ಇಲ್ಲಿ ಅವರು ಆತ್ಮವಾಗಿ ಬರಬಹುದು, ಮರುಜನ್ಮ ಪಡೆಯಬಹುದು, ಬೇರೆಯವರ ರೂಪ ತಾಳಬಹುದು. ಹಾಗಾಗಿ ಯಾವ ಊಹೆಯನ್ನೂ ಪೂರ್ತಿ ಸುಳ್ಳು ಎನ್ನಲಾಗದು. ಕತೆ ಬರೆಯುವವರಿಗೂ ಅಷ್ಟೇ ಸ್ವಾತಂತ್ರ್ಯ. ವಾರವಾರದ ರೇಟಿಂಗ್ ಇಳಿದರೆ ಅವರು ದಾರಿ ಬದಲಿಸಬಹುದು. ಮರಾಠಿಯ ‘ರಾತ್ರೀಸ್ ಖೇಳ್ ಚಾಲೆ’ 2016ರಲ್ಲಿ ಬಂತು. ಅದರ ಎರಡನೇ ಭಾಗ 2019ರಲ್ಲಿ ಬಂದಾಗ ಕತೆ ಮುಂದೆ ಹೋಗಲಿಲ್ಲ, ಹಿಂದಕ್ಕೆ ಹೋಯಿತು! ಮುಂದೇನು ಎಂದು ಕಾಯುತ್ತಿದ್ದವರಿಗೆ ಮೊದಲು ಏನಾಗಿತ್ತು ಎಂಬುದನ್ನು ತೋರಿಸಿದರು.

ಹಾಗಾದರೆ ಊಹೆ ಮಾಡುವುದು ತಪ್ಪೇ?

ಖಂಡಿತ ಅಲ್ಲ. ಅದೊಂದು ಆಟ. ಮನೆಮಂದಿ ಕೂತು ಮಾತಾಡಲು ಒಳ್ಳೆಯ ನೆಪ. ಎಚ್ಚರ ಬೇಕಿರುವುದು ಬೇರೆ ಕಡೆ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ನಾಗಿಣಿ’ಯಲ್ಲಿ ದೀಪಿಕಾ ದಾಸ್, 2020ರ ‘ನಾಗಿಣಿ 2’ರಲ್ಲಿ ನಮ್ರತಾ ಗೌಡ ಮನೆಮನೆಯ ಹೆಸರಾದರು. ಇಂಥ ಕತೆಯ ತಿರುವು ಊಹಿಸಲು ನಾವು ಕೆಲವು ನಿಯಮ ಹಿಡಿಯುತ್ತೇವೆ: ನಾಗಿಣಿ ಮುಖ ಮರೆಯುವುದಿಲ್ಲ, ಸೇಡು ಬಿಡುವುದಿಲ್ಲ, ನಾಗಮಣಿಗೆ ಶಕ್ತಿ ಇದೆ. ಕತೆಗೆ ಈ ನಿಯಮ ಸರಿ. ಆದರೆ ಇದೇ ಮಾತು “ಹಾವು ಹೊಡೆದರೆ ಅದರ ಜೋಡಿ ಹುಡುಕಿಕೊಂಡು ಬರುತ್ತದೆ” ಎಂಬ ಫಾರ್ವರ್ಡ್ ಆದಾಗ ಅದು ಕತೆಯಾಗಿ ಉಳಿಯುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ?

ಹಾವಿಗೆ ಸೇಡು ಇಟ್ಟುಕೊಳ್ಳುವಂಥ ಮಿದುಳಿಲ್ಲ. ಅದು ಕಬ್ಬಿನ ಹೊಲಕ್ಕೆ, ಮನೆಯ ಹತ್ತಿರಕ್ಕೆ ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ತುಳಿದಾಗ ಅಥವಾ ಹೆದರಿದಾಗ ಕಚ್ಚುತ್ತದೆ. ನಾಗಮಣಿ ಯಾವ ಹಾವಿನ ತಲೆಯಲ್ಲೂ ಇಲ್ಲ.

ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿದ್ದು “ಹಳೇ ಸೇಡು” ಎಂದು ನಂಬಿದ ಮನೆಯವರು ಮೊದಲು ಮಂತ್ರ ಹಾಕುವವರ ಬಳಿ ಓಡಿದರೆ, ಜೀವ ಉಳಿಸುವ ಹೊತ್ತು ದಾರಿಯಲ್ಲೇ ಕಳೆದುಹೋಗುತ್ತದೆ.

ಹಾವು ಕಚ್ಚಿದರೆ ಏನು ಮಾಡಬೇಕು?

ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸದಂತೆ ಇಟ್ಟು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ವಿಷ ಏರಿದ್ದರೆ ಅದಕ್ಕಿರುವ ಔಷಧ ಪ್ರತಿವಿಷದ ಇಂಜೆಕ್ಷನ್ ಒಂದೇ. ಕತ್ತಲಲ್ಲಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ, ಹೊಲಕ್ಕೆ ಬೂಟು ಹಾಕಿ.

ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಟಿವಿಯ ನಾಗಿಣಿಯ ಬಗ್ಗೆಯೋ, ಹೊಲದ ಹಾವಿನ ಬಗ್ಗೆಯೋ? ಮೊದಲನೆಯದಾದರೆ ಧಾರಾಳವಾಗಿ ಕಳಿಸಿ, ಊಹೆ ತಪ್ಪಾದರೂ ನಷ್ಟವಿಲ್ಲ. ಎರಡನೆಯದಾದರೆ ಅಲ್ಲೇ ನಿಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಒಂದು ಮಾತು ಕೇಳಿ.