ಗುಳಿಗಿ ಬಿಡಬೇಕೋ, ವಾಕಿಂಗ್ ಬಿಡಬೇಕೋ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಂಗಳೂರು, ಪುಣೆಗೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ಮನೆಯಿಂದ ಫೋನ್ ಬಂದಾಗ ಈಗೀಗ ಈ ಮಾತೂ ಕೇಳಿಸುತ್ತೆ: “ಕೊಲೆಸ್ಟ್ರಾಲ್ ಗುಳಿಗಿ ಚಾಲೂ ಮಾಡಿದಾಗಿಂದ ಕಾಲು ಭಾಳ ನೋಯ್ತಾವ ತಮ್ಮಾ. ಗುಳಿಗಿ ಬಿಟ್ಟೀನಿ, ವಾಕಿಂಗೂ ಬಿಟ್ಟೀನಿ.” ಹೃದಯಕ್ಕೆ ಬೇಕಾದ ಎರಡನ್ನೂ ಒಟ್ಟಿಗೇ ಬಿಟ್ಟ ಹಾಗಾಯ್ತು!

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಇವೆಲ್ಲ ಸ್ಟ್ಯಾಟಿನ್ ಗುಂಪಿನ ಗುಳಿಗೆಗಳು. ಲಿವರ್ ಕೊಲೆಸ್ಟ್ರಾಲ್ ತಯಾರಿಸೋದನ್ನ ತಗ್ಗಿಸುತ್ತವೆ. ಇವುಗಳಿಂದ ಸ್ನಾಯು ನೋವು ಬರಬಹುದು, ಸುಳ್ಳಲ್ಲ. ಆದರೆ 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಸ್ಟ್ಯಾಟಿನ್ ತಗೊಳ್ಳುವವರು ಹೇಳಿದ ಸ್ನಾಯು ತೊಂದರೆಗಳಲ್ಲಿ ಶೇ. 90ಕ್ಕೂ ಹೆಚ್ಚಿನವಕ್ಕೆ ಗುಳಿಗೆ ಕಾರಣವೇ ಅಲ್ಲ.

ಹಾಗಾದರೆ ಯಾವ ನೋವು ಯಾವುದು? ವ್ಯಾಯಾಮದ ನೋವು ದುಡಿದ ಸ್ನಾಯುವಿಗಷ್ಟೇ. ಮರುದಿನ ಶುರುವಾಗಿ, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತೆ. ಗುಳಿಗೆಯ ನೋವು ಸಾಮಾನ್ಯವಾಗಿ ಎರಡೂ ತೊಡೆ, ಸೊಂಟ, ಭುಜಗಳಲ್ಲಿ ಒಂದೇ ಥರ ಇರುತ್ತೆ. ಗುಳಿಗೆ ಶುರುವಾದ ಅಥವಾ ಡೋಸ್ ಹೆಚ್ಚಿಸಿದ ಕೆಲವು ವಾರಗಳಲ್ಲಿ ಬಂದು, ವಿಶ್ರಾಂತಿ ಕೊಟ್ಟರೂ ಹೋಗಲ್ಲ. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ, ಕೈಕಾಲು ತೀರಾ ಸೋತರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಬೇಕು.

ಸ್ಟ್ಯಾಟಿನ್ ತಗೊಳ್ಳುವವರಿಗೂ ನಡಿಗೆ, ಸೈಕಲ್ ಒಳ್ಳೆಯದೇ. ಜಿಮ್‌ಗೆ ಹೋಗೋರು ತೂಕ ನಿಧಾನ ಹೆಚ್ಚಿಸಿ, ಒಂದೇ ಸ್ನಾಯುವಿಗೆ ಮತ್ತೆ ಕೆಲಸ ಕೊಡುವ ಮುಂಚೆ ಒಂದೆರಡು ದಿನ ಬಿಡುವು ಕೊಡಿ. ಸ್ನಾಯು ಚೇತರಿಸಿಕೊಳ್ಳೋದು ಆಗಲೇ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತೆ. ಹೊತ್ತು ಏರೋ ಮೊದಲೇ ನಡೆದು ಬರಲಿ, ನೀರು ಕುಡಿಯಲಿ. ಪ್ರೋಟೀನ್ ಡಬ್ಬಿಯೇ ಬೇಕಂತಿಲ್ಲ: ನಮ್ಮ 100 ಗ್ರಾಂ ತೊಗರಿಬೇಳೆಯಲ್ಲೇ ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ನೋವು ನಿಲ್ಲದಿದ್ದರೆ ಡಾಕ್ಟರು ಸಿಕೆ ಎಂಬ ರಕ್ತಪರೀಕ್ಷೆ ಬರೆದುಕೊಡಬಹುದು. ಭಾರಿ ವ್ಯಾಯಾಮ ಮಾಡಿದರೂ ಸಿಕೆ ಏರುತ್ತೆ, ಹಾಗಾಗಿ ಅದಕ್ಕೂ ಮುಂಚೆ ಕೆಲವು ದಿನ ಜಿಮ್ ಬೇಡ. ಥೈರಾಯ್ಡ್ ಕೊರತೆಯಿಂದಲೂ ಮೈ ನೋಯಬಹುದು. ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆ ಕೆಲವು ಸ್ಟ್ಯಾಟಿನ್ ಸೇರಿದರೆ ಸ್ನಾಯುವಿಗೆ ಅಪಾಯ ಹೆಚ್ಚು. ಡೋಸ್ ಇಳಿಸೋದು, ಬೇರೆ ಗುಳಿಗೆ ಕೊಡೋದು ಎರಡೂ ಡಾಕ್ಟರ ಕೈಯಲ್ಲಿದೆ.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಮೂರೇ ಪ್ರಶ್ನೆ ಕೇಳಿ: ನೋವು ಯಾವಾಗಿಂದ? ಎರಡೂ ಕಡೆ ಇದೆಯಾ? ಹೊಸದಾಗಿ ಬೇರೆ ಯಾವ ಔಷಧ ತಗೊಂಡ್ರಿ? ಉತ್ತರ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಗುಳಿಗೆ ತಾವಾಗಿಯೇ ಬಿಡೋದು ಬೇಡ ಅಂತ ಹೇಳಿ.