ಕಣ್ಣು ಮುಚ್ಚಿದ ಮೈತ್ರಿ

ಕಳೆದ ಸೆಮಿಸ್ಟರಿನಲ್ಲಿ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಒಂದು ದಿನದ ಧ್ಯಾನ ಶಿಬಿರ ನಡೆಯಿತು. ಫೆಲೋಶಿಪ್ ಹಣ ಬಾರದೆ ಆಗ ಏಳು ತಿಂಗಳಾಗಿತ್ತು. ಮನವಿ ಕೊಟ್ಟು ಕೊಟ್ಟು ಸಾಕಾಗಿದ್ದ ನಮಗೆ ಹಣದ ಬದಲು ಮೈತ್ರಿ ಧ್ಯಾನ ಸಿಕ್ಕಿತು. ಕಣ್ಣು ಮುಚ್ಚಿ, ಎದೆಯನ್ನು ತೆರೆಯಿರಿ ಎಂದರು. ನಾನು ಸುಖವಾಗಿರಲಿ, ನಾನು ಶಾಂತವಾಗಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಲು ತಿಳಿಸಿದರು. ಇಪ್ಪತ್ತು ನಿಮಿಷ ಹೇಳಿಕೊಂಡೆವು. ಕಣ್ಣು ತೆರೆದಾಗ ಮನಸ್ಸು ಹಗುರವಾಗಿದ್ದದ್ದು ನಿಜ. ನನ್ನ ತಕರಾರು ಅದೇ. ಅಷ್ಟು ಸುಲಭಕ್ಕೆ ಅದು ಹಗುರವಾಗಬಾರದಿತ್ತು.

ನನ್ನ ಜಗಳ ಮೈತ್ರಿಯ ಜೊತೆಗಲ್ಲ. ಅದರ ಮೊದಲ ಮೆಟ್ಟಿಲಲ್ಲೇ ಚಾಪೆ ಹಾಸಿ ಮಲಗಿಸುವವರ ಜೊತೆಗೆ.

5ನೇ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಕುಳಿತು 'ವಿಸುದ್ಧಿಮಗ್ಗ' ಬರೆದ ಬುದ್ಧಘೋಷ ಈ ಧ್ಯಾನಕ್ಕೆ ಒಂದು ಕ್ರಮ ಹೇಳುತ್ತಾನೆ. ಮೊದಲು ತನಗೆ, ಆಮೇಲೆ ತಾನು ಗೌರವಿಸುವವರಿಗೆ, ಆಪ್ತರಿಗೆ, ಪ್ರೀತಿಯೂ ದ್ವೇಷವೂ ಇಲ್ಲದ ಮಧ್ಯಸ್ಥನಿಗೆ, ಕೊನೆಗೆ ವೈರಿಗೆ. ತನ್ನಿಂದ ಶುರು ಮಾಡಲು ಕೊಡುವ ಕಾರಣ ಬಹಳ ಸರಳ. ನನಗೆ ಸುಖ ಹೇಗೆ ಬೇಕೋ ಹಾಗೆಯೇ ಉಳಿದವರಿಗೂ ಬೇಕು ಎಂಬುದಕ್ಕೆ ನಾನೇ ಸಾಕ್ಷಿ. ಸಾಕ್ಷಿ ಹೇಳಿ ಮುಂದಕ್ಕೆ ಹೋಗಬೇಕು. ನೂರು ವರ್ಷ 'ನಾನು ಸುಖಿಯಾಗಿರಲಿ' ಎಂದುಕೊಂಡು ಕೂತರೂ ಧ್ಯಾನ ಸಿದ್ಧಿಸದು ಎಂದು ಆತ ಖಡಾಖಂಡಿತವಾಗಿ ಹೇಳುತ್ತಾನೆ. ನಮ್ಮ ಶಿಬಿರ ಆ ನೂರು ವರ್ಷದ ಮೊದಲ ಇಪ್ಪತ್ತು ನಿಮಿಷ.

ಮುಂದಿನ ಮೆಟ್ಟಿಲುಗಳು ನಿಜಕ್ಕೂ ಕಷ್ಟ. ವೈರಿಯನ್ನು ನೆನೆದಾಗ ಸಿಟ್ಟು ಏರಿದರೆ ಏನು ಮಾಡಬೇಕೆಂದು ಬುದ್ಧಘೋಷ ಉದ್ದದ ಪಟ್ಟಿಯನ್ನೇ ಕೊಡುತ್ತಾನೆ. ಒಂದು ಉಪಾಯ ತಮಾಷೆಯಾಗಿದೆ: ನೀನು ಸಿಟ್ಟಾಗಿರುವುದು ಅವನ ತಲೆಗೂದಲಿನ ಮೇಲೋ, ಉಗುರಿನ ಮೇಲೋ, ಹಲ್ಲಿನ ಮೇಲೋ ಎಂದು ಬಿಡಿಸಿ ಕೇಳಿಕೊಳ್ಳುವುದು. ಪಟ್ಟಿಯ ಕೊನೆಯ ಉಪಾಯ ಯಾವುದು ಗೊತ್ತೆ? ಆ ವೈರಿಗೆ ಏನಾದರೂ ಕೊಡುವುದು, ಅವನಿಂದ ಏನಾದರೂ ತೆಗೆದುಕೊಳ್ಳುವುದು. ಅಲ್ಲಿಗೆ ಕಣ್ಣು ಮುಚ್ಚಿ ಕೂರುವ ಕೆಲಸ ಮುಗಿಯಿತು. ಕೊಡಬೇಕಾದರೆ ಎದ್ದು ಹೋಗಲೇಬೇಕು.

ಅಲ್ಲಿ ಇನ್ನೊಂದು ಪರೀಕ್ಷೆ ಇದೆ. ಒಬ್ಬ ಭಿಕ್ಷು ತನ್ನ ಆಪ್ತ, ಮಧ್ಯಸ್ಥ, ವೈರಿ ಮೂವರ ಜೊತೆ ಕೂತಿದ್ದಾನೆ. ಕಳ್ಳರು ಬಂದು ಬಲಿಕೊಡಲು ಒಬ್ಬರನ್ನು ಕೊಡು ಎನ್ನುತ್ತಾರೆ. ಇವನನ್ನು ಒಯ್ಯಿರಿ ಎಂದು ಯಾರನ್ನು ತೋರಿಸಿದರೂ ಅವನು ಸೋತಂತೆ. ನನ್ನನ್ನೇ ಒಯ್ಯಿರಿ, ಅವರನ್ನು ಬಿಡಿ ಎಂದರೂ ಸೋತಂತೆಯೇ. ನಾಲ್ವರಲ್ಲಿ ಕೊಡಬಹುದಾದವರು ಒಬ್ಬರೂ ಕಾಣದಿದ್ದಾಗ ಮಾತ್ರ ಅವನೊಳಗಿನ ಗಡಿ ಅಳಿಯಿತು ಎಂದರ್ಥ. ತ್ಯಾಗವನ್ನೇ ದೊಡ್ಡದು ಮಾಡಿ ಹಾಡುವ ನಮ್ಮ ಪರಂಪರೆಗೆ ಈ ಮಾತು ಇವತ್ತಿಗೂ ಜೀರ್ಣವಾಗಿಲ್ಲ. ಯಾರನ್ನೂ ಬಲಿ ಕೊಡಲು ಒಪ್ಪದವನು ಕಳ್ಳರಿಗೆ ಏನು ಉತ್ತರ ಕೊಡುತ್ತಾನೆ? ಇಲ್ಲ ಎನ್ನಲೇಬೇಕಲ್ಲ. ಮೈತ್ರಿಯ ತುದಿಯಲ್ಲಿ ನನಗೆ ಕಾಣುವುದು ಆ 'ಇಲ್ಲ'.

ನನ್ನ ಹೋರಾಟಗಾರ ಗೆಳೆಯರಿಗೆ ಇದು ಹಿಡಿಸುವುದಿಲ್ಲ. ಧ್ಯಾನವೆಲ್ಲ ಹೊಟ್ಟೆ ತುಂಬಿದವರ ಚಟ ಎನ್ನುತ್ತಾರೆ. ಅವರೂ ಅರ್ಧ ಓದಿದವರೇ. ಸ್ವಾತಂತ್ರ್ಯ, ಸಮಾನತೆಗಳನ್ನು ಎತ್ತಿ ಹಿಡಿಯುವುದು ಸಹಭಾವನೆ, ಅದಕ್ಕೆ ಭ್ರಾತೃತ್ವ ಎಂಬ ಪದ ಸಾಲದು, ಬುದ್ಧ ಹೇಳಿದ ಮೈತ್ರಿಯೇ ಸರಿಯಾದ ಪದ ಎಂದು ಬರೆದವರು ಅಂಬೇಡ್ಕರ್. 1957ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕರುಣೆ ಮನುಷ್ಯರವರೆಗೆ ಮಾತ್ರ, ಮೈತ್ರಿ ಎಲ್ಲ ಜೀವಿಗಳಿಗೆ ಎಂಬ ವಿವರಣೆ ಇದೆ. ಕೆರೆಯ ನೀರು ಮುಟ್ಟಲು ಮಹಾಡಿನಲ್ಲಿ ಸತ್ಯಾಗ್ರಹ ಮಾಡಿದ ಮನುಷ್ಯನಿಗೆ ಮೈತ್ರಿ ಎಂದರೆ ಸಮಾಧಾನದ ಗುಳಿಗೆಯಾಗಿರಲು ಸಾಧ್ಯವೇ?

ನಾವು ಆ ಪದವನ್ನು ಏನು ಮಾಡಿಟ್ಟಿದ್ದೇವೆ ನೋಡಿ. ಕನ್ನಡ ಪತ್ರಿಕೆ ಓದುವವರಿಗೆ ಮೈತ್ರಿ ಎಂದೊಡನೆ ನೆನಪಾಗುವುದು ಸರ್ಕಾರ. 2018ರಲ್ಲಿ ಹುಟ್ಟಿ 2019ರಲ್ಲಿ ಬಿದ್ದ ಮೈತ್ರಿಯನ್ನು ಎಲ್ಲರೂ ಕಂಡಿದ್ದೇವೆ. ಪತ್ರಿಕೆಗಳಲ್ಲಿ ಅದು ಸೀಟು ಹಂಚಿಕೆ, ಶಿಬಿರಗಳಲ್ಲಿ ತಲೆನೋವಿನ ಮುಲಾಮು. 'ಎದೆ ತೆರೆಯಿರಿ' ಎಂಬ ಮಾತಿಗೂ ಅನುವಾದದ ವಾಸನೆ ಇದೆ. ನಮ್ಮ ಆಡುಮಾತಿನಲ್ಲಿ ಮಮತೆಯ ಜಾಗ ಕರುಳು. ಇನ್ನೊಬ್ಬರ ಕಷ್ಟ ಕಂಡಾಗ ಅದು ಚುರುಕ್ ಎನ್ನುತ್ತದೆ. ಅದಕ್ಕೆ ಕಣ್ಣು ತೆರೆದಿರಬೇಕು.

ನನ್ನ ಕಣ್ಣು ಎಷ್ಟು ತೆರೆದಿತ್ತು ಎಂಬುದನ್ನೂ ಹೇಳಬೇಕು. ಶಿಬಿರ ಮುಗಿದ ಮೇಲೆ ನಮ್ಮ ಲೋಟಗಳನ್ನು ಎತ್ತಿ, ನೆಲ ಒರೆಸಿದ್ದು ವಿಭಾಗದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ಒಬ್ಬ ಅಮ್ಮ. ನಾಲ್ಕು ವರ್ಷದಿಂದ ದಿನವೂ ಕಾಣುತ್ತಿದ್ದ ಅವರ ಹೆಸರು ನನಗೆ ಗೊತ್ತಿರಲಿಲ್ಲ. ಬುದ್ಧಘೋಷನ ಮಧ್ಯಸ್ಥ ವ್ಯಕ್ತಿ ಯಾರೆಂದು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆ ದಿನ ಹೆಸರು ಕೇಳಿದೆ. ಮಾತು ಫೆಲೋಶಿಪ್ಪಿಗೆ ಬಂತು. "ನಮ್ದೂ ಮೂರು ತಿಂಗ್ಳಿಂದ ಸಂಬ್ಳ ಆಗಿಲ್ಲಪ್ಪ" ಎಂದರು, ಹವಾಮಾನದ ಸುದ್ದಿ ಹೇಳುವಂತೆ.

ನಾವು ಏಳು ತಿಂಗಳಲ್ಲಿ ಕೊಟ್ಟ ಯಾವ ಮನವಿಯಲ್ಲೂ ಅವರಿರಲಿಲ್ಲ. ನಾನು ಸುಖವಾಗಿರಲಿ, ನಾವು ಸುಖವಾಗಿರಲಿ ಎಂದೇ ಬರೆದಿದ್ದೆವು. ಶಿಬಿರ ನಡೆಸಿದವರನ್ನು ಬೈಯುವ ನಾನು, ನನ್ನ ಗೆಳೆಯರು, ಅದೇ ಮೊದಲ ಮೆಟ್ಟಿಲಲ್ಲಿ ಮಲಗಿದ್ದೆವು.

ಮುಂದಿನ ಮನವಿಯಲ್ಲಿ ಗುತ್ತಿಗೆ ನೌಕರರ ಸಂಬಳದ ಬೇಡಿಕೆಯನ್ನೂ ಸೇರಿಸಿದೆವು. ಅವರ ಕೆಲಸಕ್ಕೆ ಕುತ್ತು ಬಾರದಂತೆ, ಅವರನ್ನು ಕೇಳಿಯೇ ಬರೆದೆವು. ಕಡತವನ್ನು ಮೂರು ಸಲ ಹಿಂದಕ್ಕೆ ಕಳಿಸಿದ ಗುಮಾಸ್ತರನ್ನು ಈಗ ನಾನು ದ್ವೇಷಿಸುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಈ ಸಲ ಅವರ ಮೇಜಿನ ಮುಂದೆ ನಿಂತಾಗ ನಮಸ್ಕಾರ ಹೇಳಿದೆ, ಮನವಿ ಕೊಟ್ಟೆ, ಸ್ವೀಕೃತಿಯ ಮೊಹರು ಬೀಳುವವರೆಗೆ ಕದಲಲಿಲ್ಲ.